ಕಾದಂಬರಿಯ ಕೂಸಿಗೆ ಕಟ್ಟಿದ ತೊಟ್ಟಿಲು

ಮೊನ್ನೆ ನಮ್ಮ ಕಾಲೇಜಿನಲ್ಲಿ ಕನ್ನಡದ ಉತ್ತರಪತ್ರಿಕೆಗಳನ್ನು ಹಂಚಿದರು. ನನ್ನ ಪತ್ರಿಕೆಯ ಕೊನೆಯ ಉತ್ತರದ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕೆಂಪು ಮಸಿಯ ಗೆರೆ. ದನ ನುಗ್ಗದಂತೆ ಬೇಲಿ ಹಾಕಿದ ಹಾಗಿತ್ತು. ಬೇಲಿಯ ಬುಡದಲ್ಲಿ ‘ವಿಷಯಾಂತರ’ ಎಂದು ಬರೆದಿತ್ತು. ಪ್ರಶ್ನೆ ಇದು: ‘ಪಠ್ಯವಾಗಿರುವ ಕಾದಂಬರಿಯಲ್ಲಿ ಅಪ್ರಾಮಾಣಿಕತೆ ಮತ್ತು ದಾಂಪತ್ಯದ್ರೋಹಗಳು ಪುನರಾವರ್ತಿತ ಆಶಯಗಳಾಗಿರುವುದನ್ನು ಸೋದಾಹರಣವಾಗಿ ವಿವೇಚಿಸಿರಿ.’ ಉದಾಹರಣೆ ಕೇಳಿದ್ದರು, ಕೊಟ್ಟೆ. ನಮ್ಮೂರಿನ ಉದಾಹರಣೆ ಕೊಟ್ಟೆ, ಅದೇ ತಪ್ಪಾಯಿತು. ದ್ರೋಹ ಪುಸ್ತಕದೊಳಗಿದ್ದರೆ ಆಶಯ, ಊರೊಳಗಿದ್ದರೆ ವಿಷಯಾಂತರ.

ನಮ್ಮ ಪ್ರಾಧ್ಯಾಪಕರನ್ನು ನೀವು ನೋಡಬೇಕಿತ್ತು. ‘ದ್ರೋಹ’ ಎನ್ನುವಾಗ ಅವರು ಎಡಗೈಯ ಎರಡು ಬೆರಳುಗಳಿಂದ ಮೂಗಿನ ತುದಿ ಹಿಡಿಯುತ್ತಾರೆ, ಆ ಶಬ್ದಕ್ಕೆ ವಾಸನೆ ಇದ್ದಂತೆ. ಇದನ್ನು ನಾನು ಹಾಸ್ಟೆಲಿನಲ್ಲಿ ದಿನಾಲೂ ಮಾಡಿ ತೋರಿಸುತ್ತೇನೆ. ಅಣಕಿಸುವುದು ನನಗೆ ಹುಟ್ಟಿನಿಂದ ಬಂದ ರೋಗ. ಮಾತು ಕಲಿಯುವ ಮೊದಲೇ ನಮ್ಮ ಎಮ್ಮೆಯ ಧ್ವನಿ ಕಲಿತಿದ್ದೆನಂತೆ. ಹಿತ್ತಲಿನಲ್ಲಿ ನಿಂತು ನಾನು ಕೂಗಿದರೆ ಅವ್ವ ಹಾಲು ಹಿಂಡುವ ತಂಬಿಗೆ ಹಿಡಿದು ಬರುತ್ತಿದ್ದಳಂತೆ. ಶಾಲೆಗೆ ಬಂದ ಮೇಲೆ ಮಾಸ್ತರರ ಕೆಮ್ಮು, ಪೋಸ್ಟಮನ್ನನ ಉಗ್ಗು, ಸೋದರಮಾವನ ಜಂಬ ಎಲ್ಲವೂ ನನ್ನ ಬಾಯಿಗೆ ಬಂದವು. ಊರು ನನಗೆ ಗಿಣಿ ಎಂದು ಹೆಸರಿಟ್ಟಿತು. ಹೆಸರಿಟ್ಟವರ ಧ್ವನಿಯನ್ನೂ ಕಲಿತುಬಿಟ್ಟೆ. ನನಗೆ ನನ್ನದೇ ಆದ ಒಂದು ಧ್ವನಿ ಇದೆಯೋ ಇಲ್ಲವೋ ಎಂದು ಅಪ್ಪನಿಗೆ ಈಗಲೂ ಸಂಶಯ. ಸಂಶಯ ನ್ಯಾಯವಾದದ್ದೇ.

ಇರಲಿ, ಕಾದಂಬರಿಯ ಮಾತು. ಹಳೆಯದು, ದಪ್ಪದ್ದು, ತಲೆಯ ಕೆಳಗಿಟ್ಟುಕೊಂಡರೆ ದಿಂಬು ಬೇಡ. ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನು ಓದದೇ ಇದ್ದವರೂ ಓದಿದ್ದೇವೆ ಎಂದು ಸುಳ್ಳು ಹೇಳಬೇಕಾಗುತ್ತದೆ, ಸುಮ್ಮನೆ ಪಾಪ. ಅದರ ನಾಯಕ ಒಬ್ಬ ರಾವಸಾಹೇಬ. ಕಾಶಿಗೆ ಹೋಗುತ್ತೇನೆಂದು ಹೆಂಡತಿಗೆ ಹೇಳಿ, ಪಕ್ಕದ ಊರಿನಲ್ಲಿ ಇಟ್ಟುಕೊಂಡವಳ ಮನೆಯಲ್ಲಿ ಇರುತ್ತಾನೆ. ತಿರುಗಿ ಬರುವಾಗ ಆ ಊರಿನ ಹಳ್ಳದ ನೀರನ್ನೇ ಗಿಂಡಿಯಲ್ಲಿ ತುಂಬಿ, ಬಾಯಿಗೆ ಅರಗು ಹಾಕಿಸಿ, ಗಂಗಾಜಲವೆಂದು ತರುತ್ತಾನೆ. ಹೆಂಡತಿ ಅದನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಾಳೆ. ಅವಳ ಭಾವ ಅವಳಿಗೆ ಸುಳ್ಳು ಹೇಳುತ್ತಾನೆ, ಕಾರಕೂನ ಭಾವನಿಗೆ ಹೇಳುತ್ತಾನೆ, ಜೋಯಿಸ ಎಲ್ಲರಿಗೂ ಹೇಳುತ್ತಾನೆ. ಇಡೀ ಪುಸ್ತಕದಲ್ಲಿ ನಿಯತ್ತಿನಿಂದ ಬದುಕಿದ ಪ್ರಾಣಿ ಎಂದರೆ ಬಂಡಿಯ ಎತ್ತು. ಅದು ನಡುವೆಯೇ ಸಾಯುತ್ತದೆ.

ಬರೆದ ಪುಣ್ಯಾತ್ಮನೂ ಸಾಚಾ ಅಲ್ಲ. ರಾವಸಾಹೇಬನ ಅರ್ಧ ಆಯುಷ್ಯದ ದ್ರೋಹವನ್ನು ಅರ್ಧ ಪುಟದಲ್ಲಿ ಮುಗಿಸುತ್ತಾನೆ. ಆ ಹೆಂಡತಿ ಒಂದು ಸಂಜೆ ಕಿಟಕಿಯಿಂದ ಕಾರಕೂನನ ಕಡೆಗೆ ನೋಡಿದ್ದಕ್ಕೆ ಇಡೀ ಒಂದು ಅಧ್ಯಾಯ ಖರ್ಚು ಮಾಡುತ್ತಾನೆ. ಅದರಲ್ಲಿ ಮಿಂಚು, ಗುಡುಗು, ಆರಿಹೋಗುವ ದೀಪ. ಗಂಡ ಮನೆಬಿಟ್ಟು ಹೋದಾಗಲೆಲ್ಲ ಹವಾಮಾನ ಸ್ವಚ್ಛವಾಗಿಯೇ ಇರುತ್ತದೆ. ಇದನ್ನು ಉತ್ತರದಲ್ಲಿ ಬರೆದಿದ್ದೆ, ಬೇಲಿಯ ಮೊದಲ ಗೂಟ ಬಿದ್ದದ್ದು ಅಲ್ಲೇ.

ಇನ್ನೊಂದು ಆ ಪುಸ್ತಕದ ಚಾಳಿ. ಸುಳ್ಳು ಹೇಳುವ ಮೊದಲು ಅಲ್ಲಿ ಎಲ್ಲರೂ ಒಂದು ಗುಟುಕು ನೀರು ಕುಡಿಯುತ್ತಾರೆ. ಪ್ರಾಧ್ಯಾಪಕರು ಇದನ್ನು ಸಂಕೇತ ಎನ್ನುತ್ತಾರೆ. ನಮ್ಮೂರಿನವರು ಇದನ್ನು ಸಂಕೇತ ಎನ್ನಲಿಲ್ಲ, ಸಾಕ್ಷಿ ಎಂದರು. ಹಿಂದೆ ನಮ್ಮೂರಿನ ಗುಡಿಯಲ್ಲಿ ನಾನು ಈ ಪುಸ್ತಕ ಓದತೊಡಗಿ ವಾರವಾಗುವಷ್ಟರಲ್ಲಿ ಗಂಡಸರು ಮನೆಯಲ್ಲಿ ನೀರು ಕೇಳುವುದು ಕಠಿಣವಾಯಿತು. ಸಂತೆಯಿಂದ ಸಂತೆಗೆ ಅರಿವೆ ಗಂಟು ಹೊತ್ತು ಮಾರುವ ಇಮಾಮಚಾಚಾ ಒಂದು ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ಕೂತ. ಬಿಸಿಲಿನಲ್ಲಿ ಅಲೆದು ಮನೆಗೆ ಹೋಗಿ ನೀರು ಕೇಳಿದರೆ, ಚಾಚಿ ತಂಬಿಗೆ ಕೈಯಲ್ಲೇ ಹಿಡಿದು, ಮೊದಲು ಮಾತಾಡಿ ಆಮೇಲೆ ಕುಡಿಯಿರಿ ಎಂದಳಂತೆ. ‘ಗಿಣಿ, ನಿನ್ನ ಪುಸ್ತಕಕ್ಕ ಬೆಂಕಿ ಹಚ್ಚಲೇ, ಗಂಟಲ ಒಣಗಿ ಸಾಯಾಕತ್ತೇನಿ’ ಎಂದು ನಮ್ಮ ಮನೆಯಲ್ಲಿ ಎರಡು ತಂಬಿಗೆ ಕುಡಿದು ಹೋದ. ಕುಡಿದ ಮೇಲೆ ಏನೂ ಮಾತಾಡಲಿಲ್ಲ.

ಕಾದಂಬರಿ ನಮ್ಮೂರಿಗೆ ಬಂದ ಬಗೆ ಹೀಗೆ. ಶ್ರಾವಣದಲ್ಲಿ ಬಸವಣ್ಣನ ಗುಡಿಯ ಪಡಸಾಲೆಯಲ್ಲಿ ಪುರಾಣ ನಡೆಯುವುದು ನಮ್ಮಲ್ಲಿ ರೂಢಿ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಶ್ರಾವಣ ಮುಗಿದರೂ ಮಳೆ ಮುಗಿದಿರಲಿಲ್ಲ, ಗದ್ದೆಯ ಕೆಲಸ ತಗ್ಗಿತ್ತು, ದೀಪ ಹಚ್ಚುವ ಹೊತ್ತಿಗೆ ಗುಡಿಯಲ್ಲಿ ಹೋಗಿ ಕೂಡುವ ಚಟ ಜನಕ್ಕೆ ಹತ್ತಿಬಿಟ್ಟಿತ್ತು. ಆಗ ಓಣಿಗೆಲ್ಲ ಚಿಕ್ಕಮ್ಮನಾದ ಗೌರವ್ವ ಕಾಕು ನಮ್ಮ ಅವ್ವನ ಮುಂದೆ, ಕಲಘಟಗಿಯ ಲೈಬ್ರರಿಯೊಳಗೆ ಒಂದು ದಪ್ಪ ಪುಸ್ತಕ ಐತಂತ, ನಿಮ್ಮ ಗಿಣಿ ತಂದು ಓದಿದರೆ ಎಲ್ಲರೂ ಕೇಳಬಹುದಲ್ಲ ಎಂದಳು. ಆಗ ನಾನು ಪಿಯುಸಿ ಮುಗಿಸಿ, ಮುಂದೇನು ಎಂದು ಯಾರಾದರೂ ಕೇಳಿದರೆ ಎಮ್ಮೆಯ ಧ್ವನಿಯಲ್ಲಿ ಉತ್ತರ ಕೊಡುತ್ತ ಕಾಲ ಕಳೆಯುತ್ತಿದ್ದೆ. ಸೈಕಲ್ಲು ಹತ್ತಿ ಹೋಗಿ ತಂದೆ.

ಓದುವವನು ನಾನಾದೆ. ಅರ್ಥ ಹೇಳುವವರು ಯಾರು? ಕಾದಂಬರಿಗೆ ಅರ್ಥ ಹೇಳಬೇಕಾಗಿಲ್ಲ, ಅದು ಕನ್ನಡದಲ್ಲೇ ಇದೆ ಎಂದೆ. ಯಾರೂ ಒಪ್ಪಲಿಲ್ಲ. ಅರ್ಥ ಹೇಳದಿದ್ದರೆ ಕೇಳಿದ್ದು ದಕ್ಕುವುದಿಲ್ಲವೆಂದು ಹಿರಿಯರ ಮತ. ಹಾಗಾಗಿ ಪ್ರತಿವರ್ಷ ಪುರಾಣಕ್ಕೆ ಅರ್ಥ ಹೇಳುವ ಬಸಲಿಂಗಪ್ಪ ಕಾಕಾನೇ ಇದಕ್ಕೂ ಬಂದು ಕೂತ. ಈತ ಗೌರವ್ವ ಕಾಕುವಿನ ಗಂಡ. ಊರ ಹಿರಿಯ, ಹಣೆ ತುಂಬ ವಿಭೂತಿ, ಇಸ್ತ್ರಿಯ ಗಾಂಧಿ ಟೊಪ್ಪಿಗೆ, ಮಾತಾಡುವ ಮೊದಲು ಕಣ್ಣು ಮುಚ್ಚಿ ಹೆಗಲ ವಸ್ತ್ರದ ಚುಂಗು ಎಳೆಯುತ್ತಿದ್ದ. ಎಳೆದು, ‘ಅಂದ್ರ ಇದರ ತಾತ್ಪರ್ಯ ಏನಪಾ ಅಂತಂದ್ರ’ ಎಂದು ರಾಗ ತೆಗೆದರೆ ಮುದುಕರು ತಲೆದೂಗುತ್ತಿದ್ದರು. ತಾತ್ಪರ್ಯ ಬರುವುದಕ್ಕೆ ಬಹಳ ಹೊತ್ತು ಬೇಕಾಗುತ್ತಿತ್ತು. ಬಂದ ಮೇಲೆ, ಬಾರದಿದ್ದರೂ ನಡೆಯುತ್ತಿತ್ತು ಅನಿಸುತ್ತಿತ್ತು.

ಕಾದಂಬರಿಯನ್ನು ಪುರಾಣದ ಗದ್ದುಗೆಯ ಮೇಲಿಟ್ಟ ಮೇಲೆ ಪುರಾಣದ ಉಪಚಾರಗಳೂ ಹಿಂಬಾಲಿಸಿದವು. ಮೊದಲ ದಿನವೇ ಯಾರೋ ಪುಸ್ತಕಕ್ಕೆ ಅರಿಷಿಣ ಕುಂಕುಮ ಏರಿಸಿದರು. ಆ ಕಲೆಗೆ ಲೈಬ್ರರಿಯವನು ನನಗೆ ಬೈದದ್ದು ಬೇರೆ ಕಥೆ. ಪುರಾಣದಲ್ಲಿ ಲಗ್ನದ ಅಧ್ಯಾಯ ಬಂದರೆ ನಮ್ಮ ಹೆಂಗಸರು ಅಕ್ಷತೆ, ಆಯೇರಿಯ ಉಡುಗೊರೆ ತರುತ್ತಾರೆ. ‘ನಾಳೆ ರಾವಸಾಹೇಬನ ಲಗ್ನ’ ಎಂದು ನಾನು ಚೇಷ್ಟೆಗೆ ಸಾರಿದೆ. ಮರುದಿನ ನಿಜವಾಗಿಯೂ ಕುಬಸದ ಕಣಗಳು ಬಂದವು. ಇಂಥ ಲಫಂಗನ ಲಗ್ನಕ್ಕೆ ಆಯೇರಿಯೇ ಎಂದು ಇಮಾಮಚಾಚಾ ಮುಸಿಮುಸಿ ನಕ್ಕ. ಆದರೂ ತಾನು ಮಾರುವ ಗಂಟಿನಿಂದಲೇ ಒಂದು ಕಣ ತೆಗೆದಿಟ್ಟ. ಎಲ್ಲವೂ ಓದುಗನಿಗೆ ಸೇರತಕ್ಕವು. ನಮ್ಮವ್ವ ಆ ವರ್ಷ ಉಟ್ಟು ತೊಟ್ಟು ಮೆರೆದದ್ದು ರಾವಸಾಹೇಬನ ಪುಣ್ಯದಿಂದ.

ಓದುವಾಗ ಪ್ರತಿ ಪಾತ್ರಕ್ಕೂ ನಾನು ಒಂದೊಂದು ಧ್ವನಿ ಕೊಡುತ್ತಿದ್ದೆ. ಜೋಯಿಸನಿಗೆ ಪೋಸ್ಟಮನ್ನನದು, ಭಾವನಿಗೆ ಸೋದರಮಾವನದು. ರಾವಸಾಹೇಬನಿಗೆ? ಹುಡುಕಬೇಕಾಗಿರಲಿಲ್ಲ, ಬಾಜೂಕೇ ಕೂತಿದ್ದ. ಮೊದಲ ಸಲ ನಾನು ಕಣ್ಣು ಮುಚ್ಚಿ ಚುಂಗು ಎಳೆದು ರಾವಸಾಹೇಬನ ಮಾತು ಓದಿದಾಗ ಪಡಸಾಲೆಯಲ್ಲಿ ತಲೆಗಳು ಒಮ್ಮೆಲೇ ಕಾಕಾನ ಕಡೆಗೆ ತಿರುಗಿದವು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಬಾಯಿಗೆ ಸೆರಗು ಒತ್ತಿದರು. ಕಾಕಾನಿಗೆ ಮಾತ್ರ ಗೊತ್ತಾಗಲಿಲ್ಲ. ಯಾರಿಗೂ ತಮ್ಮ ಧ್ವನಿ ತಮಗೇ ತಿಳಿಯುವುದಿಲ್ಲವಲ್ಲ. ‘ಗಿಣಿ, ರಾವಸಾಹೇಬನ ಮಾತ ಅಗದಿ ಗಂಭೀರ ಓದ್ತಿ ನೋಡು’ ಎಂದು ಹೊಗಳಿಯೇ ಬಿಟ್ಟ.

ಆ ಧ್ವನಿಯೇ ಯಾಕೆ ಎಂದು ನಿಮಗೆ ಹೇಳಬೇಕು. ಬಸಲಿಂಗಪ್ಪ ಕಾಕಾ ಪ್ರತಿ ರವಿವಾರ ಮುಂಜಾನೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಮರುದಿನ ಬರುತ್ತಿದ್ದ. ಯಾಕೆ ಎಂದರೆ, ಕೋರ್ಟಿನ ಕೆಲಸ. ರವಿವಾರ ಯಾವ ಕೋರ್ಟು ತೆರೆದಿರುತ್ತದೆ ಎಂದು ಕೇಳುವಷ್ಟು ಕಾಯದೆ ನಮ್ಮೂರಿನ ಎಮ್ಮೆಗಳಿಗೂ ಗೊತ್ತಿತ್ತು. ಆದರೆ ಯಾರೂ ಕೇಳಲಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಮನೆ, ಮನೆಯಲ್ಲಿ ಒಬ್ಬಾಕೆ, ಈಚೆಗೆ ಆಕೆಯ ಮಡಿಲಲ್ಲಿ ಒಂದು ಗಂಡುಕೂಸು ಇದ್ದದ್ದು ಊರಿಗೆಲ್ಲ ಗೊತ್ತಿತ್ತು. ಗೌರವ್ವ ಕಾಕುವಿಗೊಬ್ಬಳಿಗೆ ಗೊತ್ತಿಲ್ಲ ಎಂಬುದು ಊರಿನ ನಂಬಿಕೆ. ಕಟ್ಟೆಯ ಮೇಲೆ ನಡೆದಿರುವ ಮಾತು ಆಕೆ ಬಂದರೆ ಗಕ್ಕನೆ ಮಳೆಯ ಕಡೆಗೆ ತಿರುಗುತ್ತಿತ್ತು. ಬೇಸಿಗೆಯಲ್ಲೂ ಮಳೆಯ ಮಾತು. ಇದನ್ನು ನಾವು ಮರ್ಯಾದೆ ಎನ್ನುತ್ತಿದ್ದೆವು. ಊರ ಎಲ್ಲರ ಧ್ವನಿ ತೆಗೆಯುವ ನಾನೂ ಆಕೆಯ ಮುಂದೆ ಮಳೆಯ ಮಾತೇ ಆಡುತ್ತಿದ್ದೆ.

ಅರ್ಥ ಹೇಳುವ ಗದ್ದುಗೆಯ ಮೇಲೆ ಕಾಕಾನ ನಾಲಿಗೆ ಬಹಳ ನಾಜೂಕಾಗಿ ನಡೆಯುತ್ತಿತ್ತು. ರಾವಸಾಹೇಬ ಪಕ್ಕದ ಊರಿಗೆ ಹೋದರೆ ಅದು ಪೂರ್ವಜನ್ಮದ ಋಣ, ಹರಿದುಕೊಳ್ಳಲೇಬೇಕು, ಗಂಡಸಾದವನು ಏನು ಮಾಡಿಯಾನು. ಹೆಂಡತಿ ಕಿಟಕಿಯಿಂದ ನೋಡಿದ ಸಂಜೆ ಮಾತ್ರ ಕಾಕಾನಿಗೆ ಋಣದ ನೆನಪೇ ಬರಲಿಲ್ಲ. ಕುಲ ಕೆಟ್ಟಿತು, ಮನೆ ಮುಳುಗಿತು, ಕಲಿಗಾಲ ಬಂತು ಎಂದು ಕಂದೀಲು ಅದುರುವಂತೆ ಕೂಗಿದ. ಹೆಂಗಸರ ಸಾಲಿನಿಂದ ಗೌರವ್ವ ಕಾಕು ಮೆಲ್ಲಗೆ ಕೇಳಿದಳು. ‘ಕಿಟಕಿ ಅಂತೂ ಮನಿಯೊಳಗ ಇತ್ತಲ್ರಿ? ಆಕಿ ಹೊರಗೇನ ಹೋಗಿರಲಿಲ್ಲಲ್ಲ?’ ಕಾಕಾ ಕಣ್ಣು ಮುಚ್ಚಿದ, ಚುಂಗು ಎಳೆದ. ಆ ದಿನ ತಾತ್ಪರ್ಯ ಬರಲೇ ಇಲ್ಲ.

ಕಾಕುವಿಗೆ ಮಕ್ಕಳಿರಲಿಲ್ಲ. ಅಣ್ಣಿಗೇರಿ ಕಡೆಯ ಎರಿಹೊಲದವರ ಮಗಳು. ತಂದೆ ಆಕೆಯ ಹೆಸರಿಗೇ ಹೊಲ ಬರೆದಿದ್ದ. ಮೊದಲ ಬಸುರಿನ ಸುದ್ದಿ ಹೋದಾಗ ತವರಿನವರು ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡಿಸಿ ಕಳಿಸಿದ್ದರು. ಬಸುರು ನಿಲ್ಲಲಿಲ್ಲ, ಆಮೇಲೆ ಆಗಲೂ ಇಲ್ಲ. ತೊಟ್ಟಿಲು ಅಟ್ಟ ಸೇರಿತು. ಆದರೆ ಪುರಾಣದಲ್ಲಿ ಶರಣರು ಹುಟ್ಟುವ ಅಧ್ಯಾಯ ಬಂದ ದಿನ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿ, ಅದರಲ್ಲಿ ತೆಂಗಿನಕಾಯಿ ಮಲಗಿಸಿ, ತೂಗಿ ಹೆಸರಿಡುವುದು ಪದ್ಧತಿ. ಊರಲ್ಲೆಲ್ಲ ಚೆಂದದ ತೊಟ್ಟಿಲು ಅದೇ. ಹೀಗಾಗಿ ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಯುತ್ತಿತ್ತು. ಮಕ್ಕಳಿಲ್ಲದವರು ತೂಗಿದರೆ ಒಳ್ಳೆಯದೆಂದು ಹಗ್ಗವನ್ನು ಮೊದಲು ಆಕೆಯ ಕೈಗೇ ಕೊಡುತ್ತಿದ್ದರು. ಆಕೆ ಪ್ರತಿವರ್ಷ ಒಂದು ತೆಂಗಿನಕಾಯಿಯನ್ನು ತೂಗಿ ಮನೆಗೆ ಹೋಗುತ್ತಿದ್ದಳು.

ಆ ವರ್ಷ ಬಸಲಿಂಗಪ್ಪ ಕಾಕಾ ದತ್ತಕದ ಮಾತು ತೆಗೆದಿದ್ದ. ಹುಬ್ಬಳ್ಳಿಯಲ್ಲಿ ದೂರದ ಸಂಬಂಧಿಕರದೊಂದು ಕೂಸು ಇದೆಯಂತೆ, ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರಂತೆ, ಪಾಪ, ನಾವೇ ತಂದು ಸಾಕಿಕೊಳ್ಳೋಣ ಎಂದು. ದತ್ತಕಕ್ಕೆ ಹೆಂಡತಿಯ ಒಪ್ಪಿಗೆ ಬೇಕು. ಒಪ್ಪಿದರೆ ಮನೆಯೂ ಅಣ್ಣಿಗೇರಿಯ ಹೊಲವೂ ಆ ಕೂಸಿಗೆ. ತಾಯಿ ಬದುಕಿರುವ ಕೂಸನ್ನು ಆಕೆಯ ಮಡಿಲಿನಿಂದ ಕಿತ್ತು, ಅನಾಥ ಎಂದು ಇನ್ನೊಬ್ಬಳ ಉಡಿಯಲ್ಲಿ ಹಾಕುವ ಈ ಉಪಾಯಕ್ಕೆ ಊರ ಹಿರಿಯರು ‘ಧರ್ಮದ ಕೆಲಸ’ ಎಂದು ತಲೆದೂಗಿದರು. ಕಾಕು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಕಾದಂಬರಿ ಮುಗಿಯಲಿ, ನೋಡೋಣ ಎಂದಿದ್ದಳಂತೆ.

ನಾನು ರಾತ್ರಿಯೇ ಮುಂದಿನ ಅಧ್ಯಾಯ ನೋಡಿಕೊಳ್ಳುವ ರೂಢಿಯವನಲ್ಲ. ಶೀರ್ಷಿಕೆ ನೋಡಿ ಸಾರಿಬಿಡುತ್ತಿದ್ದೆ. ‘ನಾಳೆ ಕೂಸು ಹುಟ್ಟುತ್ತದೆ, ತೊಟ್ಟಿಲು ತರ್ರಿ’ ಎಂದು ಒಂದು ಶುಕ್ರವಾರ ಸಾರಿದೆ. ಶನಿವಾರ ಮುಂಜಾನೆ ಬಸಲಿಂಗಪ್ಪ ಕಾಕಾ ನನ್ನನ್ನು ಹೊಲದ ಕಡೆಗೆ ಕರೆದೊಯ್ದ. ಅವನು ಪುಸ್ತಕ ತಿರುವಿ ನೋಡಿದ್ದ. ಆ ಅಧ್ಯಾಯದಲ್ಲಿ ರಾವಸಾಹೇಬ ಇಟ್ಟುಕೊಂಡವಳಲ್ಲಿ ಹುಟ್ಟಿದ ತನ್ನ ಮಗನನ್ನೇ ಅನಾಥನೆಂದು ಮನೆಗೆ ತರುತ್ತಾನೆ, ಹೆಂಡತಿ ಏನೂ ಅರಿಯದೆ ಆರತಿ ಎತ್ತುತ್ತಾಳೆ. ಕಾದಂಬರಿಕಾರನಿಗೂ ನಮ್ಮ ಕಾಕಾನಿಗೂ ಉಪಾಯ ಒಂದೇ ಅಂಗಡಿಯಲ್ಲಿ ಸಿಕ್ಕಿರಬೇಕು. ‘ಆ ಅಧ್ಯಾಯ ಚಲೋ ಇಲ್ಲ, ಹೆಣ್ಣಮಕ್ಕಳ ಕೇಳುವಂಥಾದ್ದಲ್ಲ. ಹಾರಿಸಿಬಿಡು. ಧಾರವಾಡದ ಹಾಸ್ಟೆಲಿನ ವಾರ್ಡನ್ ನಮ್ಮ ಪೈಕಿನೇ ಅದಾನ, ನಿನ್ನ ಸೀಟಿನ ಕಾಳಜಿ ನನಗ ಬಿಡು’ ಎಂದ. ನಾನು ಒಪ್ಪಿದೆ. ನೀವು ಅಸಹ್ಯಪಡಬೇಡಿ, ನಾನೇನು ಮೇಲಿನಿಂದ ಇಳಿದು ಬಂದವನಲ್ಲ, ಅದೇ ಊರಿನವನು.

ಸಂಜೆ ಹೋಗಿ ನೋಡಿದರೆ ಪಡಸಾಲೆಯ ತೊಲೆಗೆ ತೊಟ್ಟಿಲು ತೂಗುತ್ತಿದೆ. ಕೆಂಪು, ಹಳದಿ, ಹಸಿರು ಅರಗಿನ ಬಣ್ಣ ಕಂದೀಲಿನ ಬೆಳಕಿಗೆ ಹೊಳೆಯುತ್ತಿತ್ತು. ಒಳಗೆ ತೆಂಗಿನಕಾಯಿ, ಅದರ ತಲೆಗೊಂದು ಕೂಸಿನ ಕುಂಚಿಗೆ ತೊಡಿಸಿದ್ದರು. ಹೆಂಗಸರು ಎಂದಿಗಿಂತ ಹೆಚ್ಚು. ನಾನು ಗಂಟಲು ಸರಿಮಾಡಿಕೊಂಡು, ಎತ್ತು ಸತ್ತ ಮೇಲಿನ ಶೋಕದಿಂದ ನೇರವಾಗಿ ದೀಪಾವಳಿಗೆ ಜಿಗಿದೆ. ಒಳ್ಳೆಯ ಧ್ವನಿಯಲ್ಲೇ ಜಿಗಿದೆ. ಯಾರಿಗೂ ತಿಳಿಯಲಿಲ್ಲ ಅಂದುಕೊಂಡೆ.

‘ತಮ್ಮಾ, ಹಾಳಿ ಹಾರಿಸಿದಿ’ ಎಂದಳು ಗೌರವ್ವ ಕಾಕು.

ಇಲ್ಲ ಕಾಕು, ಹಾಳೆ ಅಂಟಿಕೊಂಡಿದ್ದವು ಎಂದೆ.

‘ಅಂಟಿದ್ದರ ಬಿಡಿಸು. ಇನ್ನ ಆ ಕೂಸ ಮನಿಗೆ ಬರೂದೈತಿ. ರಾವಸಾಹೇಬ ಚಕ್ಕಡಿಯೊಳಗ ಕೂಸಿನ್ನ ಕಂಬಳಿಯಾಗ ಸುತ್ತಿ ತರತಾನ. ಆಕಿ ಆರತಿ ತೊಗೊಂಡ ಬರತಾಳ. ನಾ ತವರಮನಿಯೊಳಗ ಮುಲ್ಕಿ ಪರೀಕ್ಷಾಕ್ಕ ಓದೂ ಮುಂದ ಈ ಪುಸ್ತಕ ಓದೇನಿ. ಮತ್ತ ಮತ್ತ ಓದೇನಿ.’

ಪಡಸಾಲೆಯಲ್ಲಿ ಮಳೆಯ ಸಪ್ಪಳ ಮಾತ್ರ. ಈ ಸಲ ನಿಜವಾದ ಮಳೆ. ನಾನು ಕಾಕಾನ ಮುಖ ನೋಡಿದೆ. ಕಾಕಾ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ. ಹಾಳೆ ತಿರುಗಿಸಿ ಓದಿದೆ. ರಾವಸಾಹೇಬನ ಮಾತು ಬಂದಾಗ ಯಾರ ಧ್ವನಿ ತೆಗೆಯಬೇಕೋ ತಿಳಿಯದೆ ಬರೀ ಅಕ್ಷರ ಓದಿದೆ. ಬಹುಶಃ ನನ್ನ ಸ್ವಂತ ಧ್ವನಿ ಅದೇ ಇರಬೇಕು, ಬಹಳ ತೆಳ್ಳಗಿತ್ತು.

ಅಧ್ಯಾಯ ಮುಗಿಯಿತು. ಪದ್ಧತಿಯ ಪ್ರಕಾರ ಈಗ ಅರ್ಥ ಹೇಳುವವರು ತೊಟ್ಟಿಲ ಮುಂದೆ ನಿಂತು, ಇಂಥವರ ಮಗ ಇಂಥವನು ಎಂದು ಸಾರಬೇಕು. ಆಮೇಲೆ ಹೆಂಗಸರು ತೂಗುತ್ತಾರೆ. ಕಾಕು ಎದ್ದು ಹಗ್ಗ ಹಿಡಿದು ಗಂಡನಿಗೆ, ಹೆಸರು ಹೇಳ್ರಿ ಎಂದಳು. ಕಾಕಾ ಪುಸ್ತಕದಲ್ಲಿದ್ದ ಹೆಸರನ್ನು ಹೇಗೋ ಉಸುರಿದ. ತಂದಿ ಹೆಸರ್ರಿ ಎಂದಳು. ಕಾಕಾ ಕಣ್ಣು ಮುಚ್ಚಿದ, ಚುಂಗು ಎಳೆದ. ‘ಅಂದ್ರ, ಇದರ ತಾತ್ಪರ್ಯ ಏನಪಾ ಅಂತಂದ್ರ, ಕೂಸು ಅನಾಥ.’

ನಿಮಗೆ ಗೊತ್ತಿದೆ, ನಮ್ಮ ಕಡೆಯ ಹೆಂಗಸು ಗಂಡನ ಹೆಸರು ಹೇಳುವುದಿಲ್ಲ. ಹೇಳಬೇಕಾದರೆ ಲಗ್ನವೋ ತೊಟ್ಟಿಲೋ ಇರಬೇಕು, ಉಳಿದವರು ಒತ್ತಾಯ ಮಾಡಬೇಕು, ಆಗ ಒಡಪು ಕಟ್ಟಿ ಎರಡು ಸಾಲಿನೊಳಗೆ ಹೆಸರನ್ನು ಹುದುಗಿಸಿ ಹೇಳುತ್ತಾಳೆ. ಯಾರೂ ಒತ್ತಾಯ ಮಾಡಲಿಲ್ಲ. ಕಾಕು ತಾನಾಗಿಯೇ ಸೆರಗು ಹೊದ್ದುಕೊಂಡು, ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ, ಸ್ಪಷ್ಟವಾಗಿ ಒಡಪು ಹೇಳಿದಳು:

‘ರವಿವಾರ ನಡಿಯೂ ಕೋರ್ಟಿಗೆ ಜಡ್ಜ ಇಲ್ಲ, ವಕೀಲ ಇಲ್ಲ,
ಈ ತೊಟ್ಟಿಲದಾಗಿನ ಕೂಸಿಗೆ ಬಸಲಿಂಗಪ್ಪನವರ ಬಿಟ್ಟರ ಬ್ಯಾರೆ ತಂದಿ ಇಲ್ಲ.’

ಒಡಪು ಮುಗಿದೊಡನೆ ಅಕ್ಷತೆ ಹಾಕುವುದು ರೂಢಿ. ತಲೆ ವಿಚಾರ ಮಾಡುವುದರೊಳಗೆ ಕೈಗಳು ರೂಢಿಯಂತೆ ನಡೆದುಬಿಟ್ಟವು. ಕುಂಚಿಗೆ ತೊಟ್ಟ ತೆಂಗಿನಕಾಯಿಯ ಮೇಲೂ ಕಾಕಾನ ಟೊಪ್ಪಿಗೆಯ ಮೇಲೂ ಅಕ್ಕಿಕಾಳು ಉದುರಿದವು. ಕಿವಿ ಮಂದವಾಗಿದ್ದ ಒಬ್ಬ ಮುದುಕಿ, ಎಲ್ಲ ಸಾಂಗವಾಯಿತೆಂದು ಜೋಗುಳ ಎತ್ತಿಕೊಂಡಳು. ಒಬ್ಬಳು ಎತ್ತಿಕೊಂಡ ಮೇಲೆ ಉಳಿದವರು ಬಿಡಲಿಕ್ಕಾಗುವುದಿಲ್ಲ. ಇಡೀ ಸಾಲು ಹಾಡಿತು. ನಮ್ಮೂರು ಒಂದು ನಿಜವನ್ನು ಒಪ್ಪಿಕೊಂಡದ್ದು ಹೀಗೆ, ಅಭ್ಯಾಸದಿಂದ.

ಹಾಡು ನಿಂತ ಮೇಲೆ ಕಾಕು ಗಂಡನ ಕಡೆಗೆ ತಿರುಗಿದಳು. ಧ್ವನಿ ಏರಲಿಲ್ಲ. ‘ದತ್ತಕದ ಮಾತ ಇವತ್ತಿಗೆ ಮುಗೀತ್ರಿ. ತಂದಿ ತಾಯಿ ಇಬ್ಬರೂ ಇದ್ದ ಕೂಸಿನ್ನ ಅನಾಥ ಅಂತ ನನ್ನ ಉಡ್ಯಾಗ ಹಾಕಬ್ಯಾಡ್ರಿ, ನಾ ಒಪ್ಪಂಗಿಲ್ಲ. ಆ ಹೆಣ್ಣಮಗಳಿಗೆ ನನ್ನ ಬಗ್ಗೆ ಏನ ಹೇಳೀರೋ ಏನೋ, ಸತ್ತೀನಿ ಅಂತ ಹೇಳಿದ್ದರೂ ಹೇಳಿರಬೇಕು. ಆಕಿ ಕೂಸು ಆಕಿ ಕಡೆನ ಇರಲಿ.’ ಆಮೇಲೆ ತೊಟ್ಟಿಲು ಬಿಚ್ಚಲು ಎದ್ದವರಿಗೆ ಹೇಳಿದಳು. ‘ಬಿಚ್ಚಿ ಅಟ್ಟಕ್ಕ ಹಾಕಬ್ಯಾಡ್ರಿ. ಮುಂಜಾನಿ ಹುಬ್ಬಳ್ಳಿಗೆ ಹೋಗೂದೈತಿ ಅದು. ಖರೇ ಕೂಸು ಮಲಗಲಿ ಅದರಾಗ.’

ಬಸಲಿಂಗಪ್ಪ ಕಾಕಾ ಏನು ಮಾಡಿದ ಅನ್ನುತ್ತೀರಿ? ಮಂಗಳಾರತಿ ಮಾಡಿಸಿದ. ಏನೂ ಆಗಿಲ್ಲವೆಂಬಂತೆ ಎಲ್ಲರಿಗೂ ಸಕ್ಕರೆ ಹಂಚಿಸಿ, ಹೆಂಗಸರ ಹುಡುಗಾಟ, ಪುರಾಣದಲ್ಲಿ ಇದೆಲ್ಲ ನಡೆಯುತ್ತದೆ ಎಂದು ಹಿರಿಯರ ಮುಂದೆ ನಕ್ಕ. ಹಿರಿಯರೂ ನಕ್ಕರು.

ಮರುದಿನ ರವಿವಾರ. ಕಾಕಾ ಹೋಗುತ್ತಾನೋ ಇಲ್ಲವೋ ಎಂದು ಊರು ಬಾಗಿಲಲ್ಲಿ ನಿಂತಿತ್ತು. ಹೋಗದಿದ್ದರೆ ಇಷ್ಟು ದಿನ ಕೋರ್ಟು ಇರಲಿಲ್ಲವೆಂದು ಒಪ್ಪಿದಂತೆ. ಹೋದ. ಅವನು ಬಸ್ಸಿನ ಹತ್ತಿರ ಬರುವಷ್ಟರಲ್ಲಿ ಕಾಕು ಆಳುಗಳ ಕೈಯಲ್ಲಿ ತೊಟ್ಟಿಲನ್ನು ಬಸ್ಸಿನ ಮೇಲೆ ಏರಿಸಿ, ಹಗ್ಗ ಬಿಗಿಸಿ, ಲಗೇಜಿನ ತಿಕೀಟನ್ನು ಕಾಕಾನ ಹೆಸರಿಗೇ ತೆಗೆಸಿದ್ದಳು. ನಾನು ಹುಬ್ಬಳ್ಳಿಯ ಗೆಳೆಯನೊಬ್ಬನ ಕಡೆಯಿಂದ ಹಾಸ್ಟೆಲಿನ ಅರ್ಜಿ ತರಲು ಅದೇ ಬಸ್ಸಿಗೆ ಹೊರಟಿದ್ದೆ. ವಾರ್ಡನ್ನನ ಆಸೆ ಹಿಂದಿನ ರಾತ್ರಿಯೇ ಕೈಬಿಟ್ಟಿದ್ದೆ. ಬಸ್ಸಿನ ಬೆನ್ನಿಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಮೇಲೆ ನೆತ್ತಿಗೆ ಬಣ್ಣದ ತೊಟ್ಟಿಲು. ಇಂಥ ಚಿತ್ರ ಸರಕಾರವೂ ಬರೆಸಿರಲಿಲ್ಲ.

ಕಾಕಾ ಮುಂದಿನ ಸೀಟಿನಲ್ಲಿ ಟೊಪ್ಪಿಗೆ ಕೆಳಗೆಳೆದುಕೊಂಡು ಕೂತಿದ್ದ. ಹಿಂದೆ ನಾನೂ ಇಮಾಮಚಾಚಾನೂ ಅವನ ಅರಿವೆ ಗಂಟೂ. ನಮ್ಮಲ್ಲಿ ತೊಟ್ಟಿಲು ಕಂಡರೆ ಕೇಳದೆ ಬಿಡುವ ಮನುಷ್ಯನಿಲ್ಲ. ಹತ್ತಿದವರೆಲ್ಲ ಮೇಲೆ ನೋಡಿ ಹತ್ತುತ್ತಿದ್ದರು, ಯಾರದ್ರೀ ತೊಟ್ಟಿಲ ಎನ್ನುತ್ತಿದ್ದರು. ಕಂಡಕ್ಟರು ತುಟಿ ಕಚ್ಚಿಕೊಂಡು ಕಾಕಾನ ಕಡೆಗೆ ಕೈ ಮಾಡುತ್ತಿದ್ದ. ಕಾಕಾ ನಿದ್ದೆ ಬಂದವನಂತೆ ಕೂತಿದ್ದ. ಕಲಘಟಗಿಯಲ್ಲಿ ಬಮ್ಮಿಗಟ್ಟಿಯ ಮುದುಕಿಯೊಬ್ಬಳು ಹತ್ತಿ ಕಾಕಾನ ಬಾಜೂಕೇ ಕೂತಳು. ಬಿಳಿ ಮೀಸೆ, ವಿಭೂತಿ, ಟೊಪ್ಪಿಗೆ ನೋಡಿದಳು. ತೊಟ್ಟಿಲು ಹೋಗುವುದು ತವರಿನಿಂದ ಮಗಳ ಮನೆಗೆ, ಅದು ಲೋಕಕ್ಕೆಲ್ಲ ಗೊತ್ತಿದ್ದ ಮಾತು. ಮೊಣಕೈಯಿಂದ ತಿವಿದು ಎಬ್ಬಿಸಿ ಕೇಳಿದಳು. ‘ಅಜ್ಜಾರ, ಮಗಳಿಗೇನ್ರಿ ತೊಟ್ಟಿಲ? ಚೊಚ್ಚಲೇನು?’

ಇಮಾಮಚಾಚಾ ನನ್ನ ತೊಡೆ ಹಿಚುಕಿದ. ನಿಜ ಹೇಳಿದರೆ ಕೇಳುವವಳು ಯಾರೋ ಗೊತ್ತಿಲ್ಲದ ಮುದುಕಿ, ಹುಬ್ಬಳ್ಳಿಯಲ್ಲಿ ಇಳಿದು ಮರೆತುಬಿಡುವವಳು. ಸುಮ್ಮನಿದ್ದರೂ ನಡೆಯುತ್ತಿತ್ತು. ಕಾಕಾ ಕಣ್ಣು ಮುಚ್ಚಿ, ಚುಂಗು ಎಳೆದು, ‘ಹೌದಬೇ, ಮಗಳಿಗೆ. ಚೊಚ್ಚಲ’ ಎಂದ.

ಮುದುಕಿ ಹರಸಿದಳು. ಅಳಿಯ ಏನು ಮಾಡುತ್ತಾನೆ ಎಂದು ಕೇಳಿದಳು. ಕೋರ್ಟಿನಲ್ಲಿ ಇದ್ದಾನೆ ಎಂದ. ನಾನು ಕಿಟಕಿಯ ಹೊರಗೆ ನೋಡಿದೆ. ಎಷ್ಟೋ ಸುಳ್ಳುಗಾರರ ಮಾತು ಅಷ್ಟು ದಿನ ಗಟ್ಟಿಯಾಗಿ ಓದಿದ್ದೆ. ಇಟ್ಟುಕೊಂಡವಳನ್ನು ಬಾಯಿತುಂಬ ಮಗಳೆಂದ ಗಂಡಸು ಆ ದಪ್ಪ ಪುಸ್ತಕದಲ್ಲಿಯೂ ಸಿಕ್ಕಿರಲಿಲ್ಲ.

ಸಂಜೆ ತಿರುಗಿ ಬಂದು ಇಳಿದಾಗ ಗೌರವ್ವ ಕಾಕು ತನ್ನ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಮ್ಮವ್ವನೂ ಓಣಿಯ ಇನ್ನಷ್ಟು ಹೆಂಗಸರೂ ಇದ್ದರು. ತೊಟ್ಟಿಲು ಮುಟ್ಟಿತೇ ಎಂದು ಕಾಕು ಕೇಳಿದಳು. ಮುಟ್ಟಿತು ಎಂದೆ. ದಾರಿಯಲ್ಲಿ ಯಾರಾದರೂ ಕೇಳಿದರೇನು ಎಂದಳು. ನಾನು ಮಳೆಯ ಮಾತು ತೆಗೆಯಲು ಬಾಯಿ ತೆರೆದೆ.

‘ಗಿಣಿ, ಅವರು ಏನಂದರು ಅದನ್ನ ಅವರ ಧ್ವನಿಯೊಳಗ ಹೇಳು’ ಎಂದಳು.

ಹೇಳಿದೆ. ಕಣ್ಣು ಮುಚ್ಚಿ, ಇಲ್ಲದ ಚುಂಗು ಎಳೆದು, ಮುದುಕಿಯದೂ ಕಾಕಾನದೂ ಎರಡೂ ಧ್ವನಿಯಲ್ಲಿ, ಅಳಿಯನ ಕೋರ್ಟಿನವರೆಗೆ ಒಂದಕ್ಷರ ಬಿಡದೆ ಹೇಳಿದೆ. ಹೆಂಗಸರು ಕಾಕುವಿನ ಮುಖ ನೋಡುತ್ತಿದ್ದರು. ಆಕೆ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು, ಕಾಳನ್ನು ಬುಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

‘ಅವರಿಗೆ ಮಗಳು ಅಂದರ ನನಗೂ ಮಗಳ ಆದಳಲ್ಲ. ಹಂಗಾರ ನಾ ಅಜ್ಜಿ ಆದ್ನೆವ್ವಾ’ ಎಂದು ಎದ್ದಳು. ‘ಕುಂಡ್ರಿ, ಬಾಯಿ ಸೀ ಮಾಡ್ಕೊಂಡ ಹೋಗ್ರಿ.’

ಒಳಗಿನಿಂದ ಸಕ್ಕರೆಯ ಡಬ್ಬಿ ಬಂತು. ಆಗ ಸಕ್ಕರೆ ರೇಶನ್ನಿನದು, ಹಬ್ಬಕ್ಕೆಂದು ಎತ್ತಿಟ್ಟದ್ದು. ಓಣಿಯ ಒಂದು ಮನೆಯನ್ನೂ ಬಿಡದೆ ಹಂಚಿಸಿದಳು. ನಮ್ಮವರ ಮಗಳು ಹಡದಾಳ, ಗಂಡು ಕೂಸು ಎಂದು ಹೇಳಿಯೇ ಕೊಡಬೇಕು ಎಂದು ನನಗೆ ಅಪ್ಪಣೆ. ಯಾವ ಮನೆಯಲ್ಲೂ ಯಾರೂ ಯಾವ ಮಗಳು ಎಂದು ಕೇಳಲಿಲ್ಲ. ಇಷ್ಟು ದಿನ ಕೇಳದೆ ಇದ್ದ ಊರು, ಅಂದು ಮಾತ್ರ ಯಾಕೆ ಕೇಳೀತು.

ಸೋಮವಾರದ ಬಸ್ಸಿನಿಂದ ಬಸಲಿಂಗಪ್ಪ ಕಾಕಾ ಇಳಿದ. ಇಮಾಮಚಾಚಾ ಗಂಟು ಇಳಿಸಿ ಸಲಾಮು ಮಾಡಿ, ‘ಅಜ್ಜಾರ, ಬಾಣಂತಿ ಆರಾಮೇನ್ರಿ?’ ಎಂದ. ಹೋಟೆಲಿನವನು ಕೇಳಿದ. ಗಿರಣಿಯ ಮುಂದೆ ನಿಂತವರು ಕೇಳಿದರು. ಮನೆಯ ಓಣಿಗೆ ಬರುವಷ್ಟರಲ್ಲಿ ಹುಡುಗರೂ ಅಜ್ಜಾರ ಎನ್ನುತ್ತಿದ್ದರು. ಗೌರವ್ವ ಕಾಕು ಹೊಸ್ತಿಲ ಹೊರಗೆ ಬಂದು ನಿಂತಿದ್ದಳು, ಕೈಯಲ್ಲಿ ಬಟ್ಟಲು. ನಾವೆಲ್ಲ ನಮ್ಮ ನಮ್ಮ ಬಾಗಿಲಲ್ಲಿ ಏನೋ ಕೆಲಸ ಮಾಡುತ್ತಿರುವವರಂತೆ ನಿಂತಿದ್ದೆವು. ಕಾಕಾ ಮೆಟ್ಟು ಬಿಡುವಾಗ ಆಕೆ ಆತನ ಅಂಗೈಗೆ ಸಕ್ಕರೆ ಹಾಕಿದಳು.

‘ತೊಗೋರಿ. ಮಗಳು ಹಡದಾಳಂತ.’

ಕಾಕಾ ಅಂಗೈ ನೋಡಿದ, ಓಣಿ ನೋಡಿದ. ಚೆಲ್ಲಿದ್ದರೆ ನಿಜ ಹೇಳಬೇಕಾಗುತ್ತಿತ್ತು. ಅಷ್ಟೂ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡ.